ಕೊಟ್ಟಿಗೆಯ ಕಂಬಕ್ಕೆ ಕಟ್ಟಿದ ತಂತಿ

ಆ ಭಾನುವಾರ ಮಧ್ಯಾಹ್ನ ನಮ್ಮ ನಡುಮನೆಯಲ್ಲಿ ನಾಲ್ಕು ಜನ ಇದ್ದೆವು. ಅಪ್ಪ ಹೊಸ್ತಿಲಿನಾಚೆ ಜಗುಲಿಯ ಮೇಲೆ ಕುರ್ಚಿ ಹಾಕಿಕೊಂಡು ಕತ್ತನ್ನು ಮಾತ್ರ ಒಳಗೆ ಚಾಚಿದ್ದ. ತಂಗಿ ಕಿಟಕಿಯ ಕಟ್ಟೆಯ ಮೇಲೆ ಕಾಲು ಮಡಚಿ ಕೂತು ಮೊಬೈಲಿನಲ್ಲಿ ನನ್ನ ವಿಡಿಯೊ ಹಿಡಿಯುತ್ತಿದ್ದಳು. ಅವ್ವ ಅಡುಗೆಮನೆಯ ಬಾಗಿಲಲ್ಲಿ, ರಬ್ಬರ್ ಚಪ್ಪಲಿ ಮೆಟ್ಟಿಕೊಂಡು, ಮಜ್ಜಿಗೆಯ ಕಡಗೋಲು ಹಿಡಿದು ನಿಂತಿದ್ದಳು. ನಾನು ಚಾಪೆಯ ಮೇಲೆ ಮಂಡಿಯೂರಿದ್ದೆ. ತಿಂಗಳುಗಟ್ಟಲೆ ಕೂಡಿಹಾಕಿದ ಸಾಮಾನನ್ನೆಲ್ಲ ಒಂದು ಕಬ್ಬಿಣದ ಡಬ್ಬದೊಳಗೆ ಜೋಡಿಸಿ ಮುಗಿಸಿ, ಅದರ ಸ್ವಿಚ್ಚು ಒತ್ತಲು ಧೈರ್ಯ ಸಾಲದೆ ಅದನ್ನೇ ನೋಡುತ್ತಿದ್ದೆ. ಗೋಡೆಯಾಚೆ ಕೊಟ್ಟಿಗೆಯಲ್ಲಿ ಅವ್ವನ ಹಸು ಇತ್ತು. ಅದನ್ನೂ ಈ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

“ಒತ್ಲಾ, ಏನ್ ಬಾಂಬಾ ಅದು?” ಅಂದ ಅಪ್ಪ, ಕುರ್ಚಿಯನ್ನು ಇನ್ನೊಂದು ಗೇಣು ಹಿಂದಕ್ಕೆ ಸರಿಸಿಕೊಳ್ಳುತ್ತಾ.

“ಬೇಗ ಒತ್ತಣ್ಣ. ಹೊಗೆ ಬಂದ್ರೆ ಇನ್ನೂ ಚೆಂದ, ಎಲ್ರೂ ನೋಡ್ತಾರೆ,” ಅಂದಳು ತಂಗಿ.

ಅವ್ವ ನಗಲಿಲ್ಲ. “ಬರಿಗೈಲಿ ಮುಟ್ಬ್ಯಾಡ ಕಣ್ ಮಗಾ. ತಗೊ, ಇದ್ರಲ್ಲಿ ಒತ್ತು,” ಎಂದು ಕಡಗೋಲನ್ನು ಮುಂದೆ ಚಾಚಿದಳು.

ನಮ್ಮ ಮನೆಯವರಿಗೆ ಕರೆಂಟು ಅಂದರೆ ಹೆದರಿಕೆ. ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಚಿಕ್ಕಪ್ಪ, ಅಂದರೆ ಅಪ್ಪನ ಒಬ್ಬನೇ ತಮ್ಮ, ಕಬ್ಬಿನ ಗದ್ದೆಗೆ ನೀರು ಬಿಡಲು ಹೋಗಿ ಒದ್ದೆ ಕಾಲಲ್ಲಿ ಪಂಪ್‌ಸೆಟ್ಟಿನ ಡಬ್ಬ ಮುಟ್ಟಿದ್ದ. ಮನೆಗೆ ಬಂದದ್ದು ಎತ್ತಿನ ಗಾಡಿಯಲ್ಲಿ. ಅವತ್ತಿನಿಂದ ಅವ್ವ ಯಾವ ಸ್ವಿಚ್ಚನ್ನೂ ಬೆರಳಿನಿಂದ ಒತ್ತಿದವಳಲ್ಲ. ಚಪ್ಪಲಿ ಮೆಟ್ಟಿಕೊಂಡು, ಒಣಗಿದ ಕಡಗೋಲಿನ ತುದಿಯಿಂದ ಒತ್ತುತ್ತಾಳೆ. ಟಿವಿಗೂ ಅದೇ, ಮಿಕ್ಸಿಗೂ ಅದೇ. ನಮ್ಮ ಮನೆಯ ಸ್ವಿಚ್‌ಬೋರ್ಡುಗಳ ಮೇಲೆಲ್ಲ ಮಜ್ಜಿಗೆಯ ಬಿಳಿ ಕಲೆ ಇರುತ್ತದೆ. ಬಂದ ನೆಂಟರು ಸುಣ್ಣ ಅಂದುಕೊಳ್ಳುತ್ತಾರೆ.

ಇಷ್ಟು ಹೆದರುವ ಹೆಂಗಸು ಒಂದು ಕಡೆ ಮಾತ್ರ ಚಪ್ಪಲಿ ಬಿಟ್ಟು ಹೋಗುತ್ತಿದ್ದಳು. ಅದು ಕೊಟ್ಟಿಗೆ. ಹಸುವಿನ ಹತ್ತಿರ ಮೆಟ್ಟು ಹಾಕಿಕೊಂಡು ಹೋಗಬಾರದು, ಹಾಲು ಕರೆಯುವಾಗಲಂತೂ ಕೂಡದು ಅನ್ನುವುದನ್ನು ನನ್ನ ಅಜ್ಜಿ ಅವಳಿಗೆ ಕಲಿಸಿ ಹೋಗಿದ್ದಳು. ಬಾಗಿಲಲ್ಲೇ ಚಪ್ಪಲಿ ಕಳಚಿ, ತೊಳೆದ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ಕುಕ್ಕರುಗಾಲು ಕೂತು ಕರೆಯುತ್ತಿದ್ದಳು.

ನಾನು ಪಾಂಡವಪುರದ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ನಮ್ಮೂರು ಚಿನಕುರಳಿಯ ಹತ್ತಿರ. ಕಂಪ್ಯೂಟರಿನಲ್ಲಿ ಆಟ ಆಡುವ ಹುಚ್ಚು ನನಗೆ ಹಳೆಯದು, ಆದರೆ ಅಂಗಡಿಯಿಂದ ಹೊಸದಾಗಿ ತರುವಂಥ ಗೇಮಿಂಗ್ ಕಂಪ್ಯೂಟರು ನನ್ನ ಕೈಗೆ ಎಟುಕುವಂಥದ್ದಾಗಿರಲಿಲ್ಲ. ನಾನೇ ಕಟ್ಟುತ್ತೇನೆ ಎಂದು ಹೊರಟೆ. ಶ್ರೀರಂಗಪಟ್ಟಣದಲ್ಲಿ ಬಾಗಿಲು ಹಾಕಿದ ಒಂದು ಆಫೀಸಿನ ಹಳೇ ಕಂಪ್ಯೂಟರುಗಳನ್ನು ಮಾರುತ್ತಿದ್ದರು. ಅದರಲ್ಲಿ ಒಂದನ್ನು ಆರಿಸಿಕೊಂಡೆ. ಗೋಡೆಯ ಕರೆಂಟನ್ನು ಇಳಿಸಿ ಒಳಗಿನ ಭಾಗಗಳಿಗೆ ಹಂಚುವ ಪವರ್ ಸಪ್ಲೈ ಡಬ್ಬ ಅದರಲ್ಲಿ ಚಿಕ್ಕದಿತ್ತು. ಅದೇ ರಾಶಿಯಲ್ಲಿದ್ದ ದೊಡ್ಡದೊಂದನ್ನು ತೆಗೆದುಕೊಂಡೆ. ಅದೂ ಹಳೆಯದೇ, ಆಮೇಲೆ ಹೊಸದು ಹಾಕಿದರಾಯಿತು ಅಂದುಕೊಂಡೆ. ಮಾನಿಟರು ಕೆ.ಆರ್. ಪೇಟೆಯ ಸೋದರತ್ತೆಯ ಮನೆಯಲ್ಲಿ ಅಟ್ಟದ ಮೇಲೆ ಬಿದ್ದಿತ್ತು. ಆಟದ ಚಿತ್ರಗಳನ್ನು ತೆರೆಯ ಮೇಲೆ ಮೂಡಿಸುವ ಗ್ರಾಫಿಕ್ಸ್ ಕಾರ್ಡು ಸಿಕ್ಕಿದ್ದು ಬೆಳ್ಳೂರು ಕ್ರಾಸಿನಲ್ಲಿ, ಹೊಸದು ಕೊಂಡಿದ್ದ ಒಬ್ಬ ಹುಡುಗನ ಹತ್ತಿರ.

ಆ ಕಾರ್ಡನ್ನು ಟವೆಲಿನಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಬಂದದ್ದು ನನಗೆ ಚೆನ್ನಾಗಿ ನೆನಪಿದೆ. ರಸ್ತೆಯ ಪ್ರತಿ ಹಂಪಿಗೂ ಎದೆ ಧಸಕ್ಕೆನ್ನುತ್ತಿತ್ತು. ನಾಗಮಂಗಲದಲ್ಲಿ ಬಸ್ಸು ಬದಲಿಸಿದ ಮೇಲೆ ಪಕ್ಕದಲ್ಲಿ ಒಬ್ಬ ಅಜ್ಜಿ ಕೂತಳು. ಬಹಳ ಹೊತ್ತು ನನ್ನ ಟವೆಲನ್ನೇ ನೋಡಿದಳು.

“ಮೊಟ್ಟೆನಾ ಮಗಾ?”

“ಅಲ್ಲಜ್ಜಿ, ಕಂಪ್ಯೂಟರ್ ಸಾಮಾನು.”

“ಅದಕ್ಯಾಕ್ ಇಂಗ್ ನಡುಗ್ತಿದ್ದೀಯೆ? ಕ್ವಡಿಲ್ಲಿ, ನಾ ಮಡಿಕತೀನಿ. ಏಳ್ ಮಕ್ಕಳ ಎತ್ತಾಡಿಸಿರೋ ಕೈ ಕಣಪ್ಪ ಇದು, ಒಂದ್ನೂ ಬೀಳ್ಸಿಲ್ಲ.”

ಅವಳು ಇಳಿಯುವವರೆಗೂ ಅದನ್ನು ಮಡಿಲಲ್ಲಿ ಇಟ್ಟುಕೊಂಡು, ಹಂಪು ಬಂದಾಗಲೆಲ್ಲ ಸೆರಗನ್ನು ಅಡ್ಡ ಹಿಡಿಯುತ್ತಿದ್ದಳು.

ಜೋಡಿಸುವಾಗಲೂ ಅದೇ ನಡುಕ. ಮೈಯಲ್ಲಿ ಕೂತ ಸಣ್ಣ ವಿದ್ಯುತ್ತು ಬೆರಳಿನಿಂದ ಹಾರಿದರೂ ಬೋರ್ಡು ಸುಟ್ಟುಹೋಗುತ್ತದೆ, ಅದಕ್ಕೆ ಮೊದಲು ಕಬ್ಬಿಣ ಮುಟ್ಟಿ ಅಂತ ನೋಡಿದ ವಿಡಿಯೊದಲ್ಲೆಲ್ಲ ಹೇಳಿದ್ದರು. ಒಂದೊಂದು ಸ್ಕ್ರೂ ಹಾಕುವಾಗಲೂ ಎದ್ದು ಹೋಗಿ ಕಿಟಕಿಯ ಸರಳು ಮುಟ್ಟಿ ಬರುತ್ತಿದ್ದೆ. “ಕಿಟಕಿಗೆ ಈಟೊಂದ್ ನಮಸ್ಕಾರ ಹಾಕೋ ಬದ್ಲು ದೇವ್ರಿಗಾದ್ರೂ ಹಾಕ್ಬಾರ್ದಾ,” ಅಂದಳು ತಂಗಿ. ಪ್ರೊಸೆಸರಿನ ಮೇಲೆ ಬಿಸಿ ಸಾಗಿಸುವ ಪೇಸ್ಟನ್ನು ಬಟಾಣಿ ಕಾಳಿನಷ್ಟು ಹಚ್ಚಿ, ಫ್ಯಾನು ಕೂರಿಸಿ ಬಿಗಿಯುವಾಗ ‘ಕರ್ರ್’ ಎಂದು ಸದ್ದಾಯಿತು. ಒಡೆದೇ ಹೋಯಿತು ಎಂದು ಕಣ್ಣು ಮುಚ್ಚಿಕೊಂಡೆ. ಅದು ಕ್ಲಿಪ್ಪಿನ ಸದ್ದು.

ಕೊನೆಗೆ ಆ ಮಧ್ಯಾಹ್ನ ಕಡಗೋಲಿನಿಂದಲೇ ಒತ್ತಿದೆ. ಫ್ಯಾನುಗಳು ತಿರುಗಿದವು, ನಿಂತವು, ಮತ್ತೆ ತಿರುಗಿದವು. ತೆರೆ ಕಪ್ಪಾಗಿಯೇ ಇತ್ತು. ಪ್ಲಗ್ಗು ಕಿತ್ತು, ರ‍್ಯಾಮಿನ ಮೆಮೊರಿ ಪಟ್ಟಿಗಳನ್ನು ತೆಗೆದು, ಒರೆಸಿ, ‘ಟಕ್’ ಅನ್ನುವವರೆಗೆ ಒತ್ತಿ ಕೂರಿಸಿದೆ. ಎರಡನೇ ಸಲ ಒತ್ತಿದಾಗ ತೆರೆಯ ಮೇಲೆ ಬಿಳಿ ಅಕ್ಷರ ಮೂಡಿದವು. ಅಪ್ಪ ಕುರ್ಚಿಯನ್ನು ಹೊಸ್ತಿಲ ಒಳಕ್ಕೆ ಎಳೆದುಕೊಂಡ.

ಮಾರನೆಯ ದಿನ ಸ್ನಾನ ಮುಗಿಸಿ ಬಂದವನು ಕಂಪ್ಯೂಟರಿನ ಕಬ್ಬಿಣದ ಕ್ಯಾಬಿನೆಟ್ಟಿನ ಅಂಚನ್ನು ಒದ್ದೆ ಕೈಯಲ್ಲಿ ಮುಟ್ಟಿದೆ. ‘ಜುಂ’ ಎಂದು ಮೊಣಕೈವರೆಗೆ ಏನೋ ಹರಿದುಹೋಯಿತು. ಕೂಗಿದ್ದು ನಾನೇ ಎಂದು ಆಮೇಲೆ ಗೊತ್ತಾಯಿತು. ಅವ್ವ ಓಡಿ ಬಂದಳು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

“ಈಚಿಕ್ ಎಸಿ ಅದ್ನ. ಈ ಅಟ್ಟಿಲಿ ಒಬ್ಬ ಹೋಗಿರೋದು ಸಾಕು.”

ಅಪ್ಪ ಮಾತ್ರ ಡಬ್ಬದ ಸುತ್ತ ಒಂದು ಸುತ್ತು ಹಾಕಿ, ಗೋಡೆಯ ಪ್ಲಗ್ಗಿನ ಮೂರನೇ ತೂತಿನೊಳಗೆ ಇಣುಕಿ ನೋಡಿದ. “ಅರ್ತಿಂಗ್ ಇಲ್ಲ ಕಣ್ಲಾ, ಅಷ್ಟೆಯಾ. ಹಳೇ ವೈರಿಂಗು. ಸೋರೋ ಕರೆಂಟ್‌ಗೆ ನೆಲಕ್ಕೆ ಓಗಕ್ಕೆ ದಾರಿ ಬೇಕು. ದಾರಿ ಇಲ್ದಿದ್ಕೇ ನಿನ್ ಮೈ ಮೂಲ್ಕ ಬಂದದೆ.”

ನಮ್ಮ ಕಡೆ ಅರ್ತಿಂಗ್ ಅಂದರೆ ನೆಲಕ್ಕೆ ಹೂತ ಯಾವುದಾದರೂ ಕಬ್ಬಿಣಕ್ಕೆ ತಂತಿ ಸುತ್ತುವುದು. ಬೋರಿನ ಪೈಪು, ಬೇಲಿಯ ಕಂಬ, ಯಾವುದು ಹತ್ತಿರವೋ ಅದು. ಅಪ್ಪ ಪಂಪ್‌ಸೆಟ್ಟಿಗೆ ತಂದು ಮಿಕ್ಕಿದ್ದ ತಾಮ್ರದ ತಂತಿ ಹುಡುಕಿ ತಂದ. ಪ್ಲಗ್ಗಿನ ಮೂರನೇ ತೂತಿನಿಂದ ಅದನ್ನು ಹೊರಡಿಸಿ, ಗೋಡೆಗೆ ತೂತು ಕೊರೆದು, ಆಚೆ ಕೊಟ್ಟಿಗೆಯ ಕಬ್ಬಿಣದ ಕಂಬಕ್ಕೆ ಇಕ್ಕಳದಿಂದ ಬಿಗಿಯಾಗಿ ಸುತ್ತಿದ. “ಕಂಬ ನೆಲದೊಳಕ್ಕೆ ಸೊಂಟದುದ್ದ ಇಳ್ದದೆ. ಇನ್ನೇನು ಬೇಕು?” ಅಂದ. ಬಂದು ಕ್ಯಾಬಿನೆಟ್ಟನ್ನು ಒಣಗಿದ ಹಿಂಗೈಯಿಂದ ಮುಟ್ಟಿ ನೋಡಿದ. ಏನೂ ಆಗಲಿಲ್ಲ. ಅವ್ವನ ಕೈ ಹಿಡಿದು ಮುಟ್ಟಿಸಲು ಹೋದ, ಅವಳು ಕೊಸರಿಕೊಂಡು ಓಡಿದಳು. ಎಲ್ಲರೂ ನಕ್ಕೆವು.

ಆ ಕಂಬ ಸಿಮೆಂಟಿನೊಳಗೆ ನಿಂತಿತ್ತು, ಮಣ್ಣನ್ನು ಮುಟ್ಟಿರಲಿಲ್ಲ. ಹಸುವಿನ ಸರಪಳಿ ಅದೇ ಕಂಬಕ್ಕೆ ಕಟ್ಟಿತ್ತು. ನಮ್ಮ ನಾಲ್ಕು ಜನರಲ್ಲಿ ಒಬ್ಬರಿಗೂ ಅದು ಹೊಳೆಯಲಿಲ್ಲ.

ಮುಂದಿನ ವಾರಗಳಲ್ಲಿ ನಾನು ಯಂತ್ರವನ್ನು ಪಳಗಿಸುವುದರಲ್ಲಿ ಮುಳುಗಿದೆ. ನಮ್ಮೂರಿನ ದಾರಿಯಲ್ಲಿ ಜಲ್ಲಿ ಲಾರಿಗಳು ಓಡಾಡುತ್ತವೆ, ಕಲ್ಲಿನ ಪುಡಿ ಮನೆಯೊಳಗೆ ಬಂದು ಅನ್ನದ ಮೇಲೂ ಕೂರುತ್ತದೆ. ಕ್ಯಾಬಿನೆಟ್ಟಿನ ಬಾಯಿಗೆ ಹಳೇ ಸೊಳ್ಳೆಪರದೆಯ ತುಂಡು ಕಟ್ಟಿದೆ. ಹಿಂದುಗಡೆಯ ಪವರ್ ಸಪ್ಲೈ ಡಬ್ಬಕ್ಕೂ ಕಟ್ಟಬೇಕು ಅನ್ನುವುದು ತೋಚಲಿಲ್ಲ. ಕಾರ್ಡು ಬಿಸಿಯೇರುತ್ತಿತ್ತು. ಅದಕ್ಕೆ ಹೋಗುವ ವೋಲ್ಟೇಜನ್ನು ಚೂರುಚೂರೇ ಇಳಿಸುವುದು, ಆಟ ಓಡಿಸಿ ನೋಡುವುದು, ಮತ್ತೆ ಇಳಿಸುವುದು. ಜಾಸ್ತಿ ಇಳಿಸಿದರೆ ತೆರೆ ಥಟ್ಟನೆ ಕಪ್ಪಾಗುತ್ತಿತ್ತು, ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದೆ. ಪಂಪ್‌ಸೆಟ್ಟುಗಳು ಒಟ್ಟಿಗೆ ಶುರುವಾದರೆ ಮನೆಯ ಬಲ್ಬು ಮಂಕಾಗುತ್ತಿತ್ತು, ಯಂತ್ರ ತಾನೇ ಆರಿ ಮತ್ತೆ ಶುರುವಾಗುತ್ತಿತ್ತು. ಒಂದು ಸ್ಟೆಬಿಲೈಸರ್ ತಂದು ಇಟ್ಟೆ. ಕೊನೆಗೆ ಒಂದು ದಿನ ಬಿಸಿಯೂ ಇಳಿಯಿತು, ಆಟವೂ ತಡವರಿಸದೆ ಓಡಿತು. ಲಾರಿ ಓಡಿಸುವ ಆಟ. ಅಪ್ಪ ಕೂತು, ಬೇರೆ ಯಾರೂ ಇಲ್ಲದ ಹೈವೇಯಲ್ಲಿ ಒಂದು ನಿಧಾನದ ಗಾಡಿಯ ಹಿಂದೆಯೇ ಅರ್ಧ ಗಂಟೆ ಹೋದ.

“ಅಪ್ಪೋ, ಸೈಡ್ ಹೊಡಿ!” ಅಂತ ತಂಗಿ ತಲೆ ಚಚ್ಚಿಕೊಂಡಳು.

“ಅವ್ನೂ ಮನೆಗೇ ಓಯ್ತಾವ್ನೆ, ನಾನೂ ಮನೆಗೇ ಓಯ್ತಿವ್ನಿ. ಏನ್ ಅವಸ್ರ?”

ಅದೇ ದಿನಗಳಲ್ಲಿ ಹಸು ಕೆಟ್ಟಿತು.

ಅದು ಅವ್ವನ ಕೈಗೆ ಮಾತ್ರ ಹಾಲು ಇಳಿಸುತ್ತಿದ್ದ ಸಾಧು ಹಸು. ಮೊದಮೊದಲು ಕರೆಯುವಾಗ ಕಾಲು ಎತ್ತಿಡತೊಡಗಿತು. ಆಮೇಲೆ ಬಕೆಟ್ಟು ಒದ್ದಿತು. ತೊಟ್ಟಿಯ ಹತ್ತಿರ ಬಂದು, ನೀರಿಗೆ ಮೂತಿ ಇಟ್ಟು, ಯಾರೋ ಹೊಡೆದವರಂತೆ ತಲೆ ಹಿಂದಕ್ಕೆ ಎಳೆದುಕೊಳ್ಳುತ್ತಿತ್ತು. ದನದ ಡಾಕ್ಟರು ಬಂದು ಕೆಚ್ಚಲು ಹಿಸುಕಿ ನೋಡಿ, ಬಾವು ಇಲ್ಲ, ಜ್ವರವೂ ಇಲ್ಲ ಅಂದರು. ಅವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಡೇರಿಗೆ ಒಯ್ಯುವ ಕ್ಯಾನು ದಿನದಿನಕ್ಕೆ ಹಗುರಾಯಿತು.

“ಸಂತೆಗೆ ಹೊಡ್ಕೊಂಡ್ ಹೋಗ್ಬುಡ್ತೀನಿ,” ಅಂದ ಅಪ್ಪ.

“ನನ್ನೂ ಜತೇಲೇ ಕಟ್ಕೊಂಡ್ ಓಗು,” ಅಂದಳು ಅವ್ವ.

ಅವಳು ಇನ್ನೊಂದು ಮಾತನ್ನೂ ಹೇಳಿದ್ದಳು. “ಹಾಲ್ ಕರಿಯಕ್ಕೆ ಕೂತ್ರೆ ಪಾದ, ಕೈ ಎಲ್ಲಾ ಜುಮುಜುಮು ಅಂತವೆ ಕಣ್ ಮಗಾ. ವಯಸ್ಸಾಯ್ತು ಕಾಣೆ.” ತಂಗಿ ಅವಳ ಪಾದಕ್ಕೆ ಹರಳೆಣ್ಣೆ ತಿಕ್ಕಿದಳು. ನಾನು ಪಾಂಡವಪುರದಿಂದ ನೋವಿನ ಮುಲಾಮು ತಂದುಕೊಟ್ಟೆ.

ಒಂದು ಸಂಜೆ ಕರೆಂಟು ಹೋಗಿತ್ತು. ಎಲ್ಲೋ ಮರ ಬಿದ್ದು ಲೈನು ತುಂಡಾಗಿ, ಮಾರನೆಯ ಬೆಳಿಗ್ಗೆಯೂ ಬರಲಿಲ್ಲ. ಆ ಎರಡು ಹೊತ್ತೂ ಹಸು ಅಲ್ಲಾಡದೆ ನಿಂತು ಹಾಲು ಕೊಟ್ಟಿತು. ಮಧ್ಯಾಹ್ನ ಕರೆಂಟು ಬಂತು. ಸಂಜೆ ಮತ್ತೆ ಒದ್ದಿತು. ಅವ್ವ ಸೆರಗಿನಿಂದ ಮುಖದ ಮೇಲಿನ ಹಾಲು ಒರೆಸಿಕೊಳ್ಳುತ್ತಾ ನಡುಮನೆಗೆ ಬಂದಳು.

“ಕರೆಂಟ್ ಇಲ್ದಿದ್ರೆ ಇಳಿಸ್ತದೆ. ಕರೆಂಟ್ ಇದ್ರೆ ಒದೀತದೆ. ನೀವೇ ನೋಡಿ ಬೇಕಾದ್ರೆ.”

“ಅದ್ಕೂ ಕರೆಂಟ್ ಬಿಲ್ ಕಂಡು ಹೆದ್ರಿಕೆ ಬಂದದೆ,” ಅಂದ ಅಪ್ಪ. ತಂಗಿ ನಕ್ಕಳು. ನಾನೂ ನಕ್ಕೆ. ನಗುತ್ತಾ ಇದ್ದಾಗಲೇ ನನ್ನ ಕಣ್ಣು ಗೋಡೆಯ ತೂತಿನತ್ತ ಹೋಗುತ್ತಿದ್ದ ಆ ತಾಮ್ರದ ತಂತಿಯ ಮೇಲೆ ಬಿತ್ತು. ನಗು ಅಲ್ಲೇ ನಿಂತುಹೋಯಿತು. ನನ್ನ ಊಹೆ ಸುಳ್ಳಾಗಲಿ ಅನ್ನಿಸುತ್ತಿತ್ತು. ಆಟ ಮುಗಿದ ಮೇಲೂ ಗೋಡೆಯಲ್ಲೇ ಬಿಡುತ್ತಿದ್ದ ಯಂತ್ರದ ಪ್ಲಗ್ಗನ್ನು ಆ ರಾತ್ರಿ ಕಿತ್ತಿಟ್ಟೆ. ಬೆಳಿಗ್ಗೆ ಹಸು ಸುಮ್ಮನೆ ಹಾಲು ಕೊಟ್ಟಿತು.

ಆ ಸಂಜೆ ಅಂಗಡಿಯಿಂದ ಬೇಗ ಬಂದೆ. ಅಪ್ಪ ಗದ್ದೆಯಲ್ಲಿದ್ದ. ಅವ್ವ ಹಿತ್ತಿಲಲ್ಲಿ ಬಕೆಟ್ಟು ಉಜ್ಜುತ್ತಿದ್ದಳು. ಅವಳು ಕರೆಯಲು ಬರುವ ಮೊದಲೇ ನೋಡಿ ಮುಗಿಸಬೇಕೆಂದು ಪ್ಲಗ್ಗು ಹಾಕಿ ಯಂತ್ರ ಶುರುಮಾಡಿದೆ. ಚಪ್ಪಲಿ ಹಾಕಿಕೊಂಡೇ ಕೊಟ್ಟಿಗೆಗೆ ಹೋದೆ. ಹುಟ್ಟಿದ ಮೇಲೆ ಮೊದಲ ಸಲ. ಜೇಬಿನಲ್ಲಿ ಟೆಸ್ಟರ್ ಇತ್ತು, ಕರೆಂಟು ಇದ್ದರೆ ಹಿಡಿಯೊಳಗೆ ದೀಪ ಉರಿಯುವ ಸಣ್ಣ ಸ್ಕ್ರೂಡ್ರೈವರ್.

ನೆಲ ಆಗತಾನೆ ತೊಳೆದದ್ದು, ನೀರು ನಿಂತಿತ್ತು. ಹಸು ಗೋಡೆಯ ಕಡೆ ಒತ್ತಿಕೊಂಡು, ಸರಪಳಿ ಕುತ್ತಿಗೆಗೆ ತಗುಲದ ಹಾಗೆ ತಲೆ ತಗ್ಗಿಸಿ ನಿಂತಿತ್ತು. ದಿನವೂ ಹಾಗೆಯೇ ನಿಲ್ಲುತ್ತಿತ್ತೋ ಏನೋ, ನಾವು ನೋಡಿರಲಿಲ್ಲ. ಟೆಸ್ಟರಿನ ತುದಿಯನ್ನು ಕಂಬಕ್ಕೆ ತಗುಲಿಸಿದೆ. ಒತ್ತಿ ಹಿಡಿದೆ.

ಒಳಗೆ ಕೆಂಪು ದೀಪ ಹೊತ್ತಿಕೊಂಡಿತು.

ಸರಪಳಿಗೆ ಮುಟ್ಟಿಸಿದೆ. ಅಲ್ಲೂ ಹೊತ್ತಿತು. ಹಸು ನನ್ನನ್ನು ನೋಡಿತು. ನನ್ನ ಕಣ್ಣ ಮುಂದೆ ಬಂದದ್ದು ಅವ್ವನ ಬರಿಗಾಲು. ಒದ್ದೆ ನೆಲ, ಹಸುವಿನ ಕೆಚ್ಚಲು ಹಿಡಿದ ಅವಳ ಎರಡು ಕೈ, ಹಸುವಿನ ಕುತ್ತಿಗೆಯಲ್ಲಿ ಈ ಸರಪಳಿ. ದಿನಕ್ಕೆರಡು ಹೊತ್ತು. ಸೋರಿಕೆ ಸಣ್ಣದಿದ್ದುದಕ್ಕೆ ಜುಮು ಅಂದಿತ್ತು. ಇನ್ನೂ ಸ್ವಲ್ಪ ಹೆಚ್ಚಿದ್ದರೆ?

ಹಿಂದೆ ಬಕೆಟ್ಟಿನ ಹಿಡಿ ಕಿಣಿ ಎಂದಿತು. ತಿರುಗಿದೆ. ಅವ್ವ ಬಾಗಿಲಲ್ಲಿ ಒಂದು ಚಪ್ಪಲಿ ಕಳಚಿ, ಆ ಬರಿಗಾಲನ್ನು ಒಳಗಿಡಲು ಎತ್ತಿದ್ದಳು.

“ಅವ್ವಾ, ಕಾಲಿಡ್ಬ್ಯಾಡ!”

ನನ್ನ ಗಂಟಲಿನಲ್ಲಿ ಅಂಥ ದನಿ ಇದೆ ಎಂದು ನನಗೇ ಗೊತ್ತಿರಲಿಲ್ಲ. ಅವಳು ಒಂಟಿಕಾಲಲ್ಲಿ ಹಾಗೇ ನಿಂತಳು. ಬಕೆಟ್ಟು ಕೈಯಿಂದ ಜಾರಿ ಉರುಳಿತು. ನಾನು ಅವಳನ್ನು ತಳ್ಳಿಕೊಂಡೇ ಹೊರಗೆ ಓಡಿ, ನಡುಮನೆಗೆ ನುಗ್ಗಿ ಪ್ಲಗ್ಗು ಕಿತ್ತೆ. ವಾಪಸು ಬಂದು ಟೆಸ್ಟರ್ ಹಿಡಿದೆ. ದೀಪ ಇರಲಿಲ್ಲ.

“ಏನ್ಲಾ ಅದು? ಏನಾಯ್ತ್ಲಾ?” ಅವ್ವ ಜಗುಲಿಯ ಮೇಲೆ ಕುಸಿದು ಕೂತಿದ್ದಳು. ಕಂಬ ತೋರಿಸಿದೆ, ತಂತಿ ತೋರಿಸಿದೆ. ಅವಳಿಗೆ ಅಷ್ಟೇ ಸಾಕಾಯಿತು. ನಮ್ಮಿಬ್ಬರ ಎದುರೇ ಹಸು ನಿಧಾನಕ್ಕೆ ಗೋಡೆ ಬಿಟ್ಟು ತೊಟ್ಟಿಯ ಹತ್ತಿರ ಬಂತು. ಮೂತಿ ಇಟ್ಟಿತು. ತಲೆ ಎತ್ತದೆ ಕುಡಿಯಿತು, ಕುಡಿಯಿತು, ತೊಟ್ಟಿಯ ತಳ ಕಾಣುವವರೆಗೂ ಕುಡಿಯಿತು. ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

ಅಪ್ಪ ಬಂದಾಗ ಕತ್ತಲಾಗಿರಲಿಲ್ಲ. ಎಲ್ಲವನ್ನೂ ಕೇಳಿಸಿಕೊಂಡ. ಪ್ಲಗ್ಗು ಕಿತ್ತಿದೆ ಎಂದು ಹೇಳಿದರೂ ಮೇನ್ ಸ್ವಿಚ್ಚನ್ನೂ ಆರಿಸಿದ. ಅವ್ವನ ರಬ್ಬರ್ ಚಪ್ಪಲಿಯನ್ನು ತನ್ನ ದೊಡ್ಡ ಕಾಲಿಗೆ ಸಿಕ್ಕಿಸಿಕೊಂಡು ಹೋಗಿ, ಕಂಬದ ತಂತಿಯನ್ನು ಸುತ್ತುಸುತ್ತಾಗಿ ಬಿಚ್ಚಿದ. ಬಿಚ್ಚಿದ್ದನ್ನು ಕೈಗೆ ಸುತ್ತಿಕೊಂಡು ಹೊರಗೆ ಬಂದ.

“ನನ್ ತಮ್ಮನ್ ನೆಪ್ಪಲ್ಲೇ ಕಟ್ಟಿದ್ದು ಕಣ್ಲಾ ಇದ್ನ. ಇನ್ಯಾರಿಗೂ ಅಂಗಾಗ್ಬಾರ್ದು ಅಂತ.”

ಅವನ ದನಿ ಕೇಳಿ ನಾನು ತಲೆ ತಗ್ಗಿಸಿದೆ. ಯಂತ್ರವನ್ನು ನಾಳೆಯೇ ಮಾರಿಬಿಡುತ್ತೇನೆ ಅಂದೆ. ಮಾರು ಅಂತ ಅವ್ವ ಹೇಳುತ್ತಾಳೆ ಅಂದುಕೊಂಡಿದ್ದೆ.

“ಮಾರಿದ್ರೆ ಕೊಂಡೋರ್ ಅಟ್ಟಿಲೂ ಒಂದ್ ಅಸ ಇರ್ತದೆ,” ಅಂದಳು. “ಸರಿ ಮಾಡು. ಸರಿ ಮಾಡೋಗಂಟ ಹಚ್ಬ್ಯಾಡ.”

ಪಾಂಡವಪುರದಿಂದ ವೈರಿಂಗ್ ಕೆಲಸದವನನ್ನು ಕರೆತಂದೆ. ಕೊಟ್ಟಿಗೆಯಿಂದ ದೂರ, ಮನೆಯ ಇನ್ನೊಂದು ಬದಿಯಲ್ಲಿ ಎದೆಯುದ್ದ ಗುಂಡಿ ತೋಡಿ, ಪೈಪು ನಿಲ್ಲಿಸಿ, ಇದ್ದಿಲು ಉಪ್ಪು ತುಂಬಿದೆವು. ಎಲ್ಲಾದರೂ ಕರೆಂಟು ಸೋರಿದರೆ ತಾನೇ ಆರಿಹೋಗುವ ಸ್ವಿಚ್ಚನ್ನು ಮೀಟರಿನ ಪಕ್ಕದಲ್ಲಿ ಹಾಕಿಸಿದೆ. ಹಳೇ ಪವರ್ ಸಪ್ಲೈ ಡಬ್ಬ ತೆಗೆದಾಗ ಅದರ ಜಾಲರಿಯೊಳಗೆ ಕಲ್ಲಿನ ಪುಡಿ ತೇವ ಹಿಡಿದು ಗಾರೆಯ ಹಾಗೆ ಮೆತ್ತಿಕೊಂಡಿತ್ತು. ಸೋರಿಕೆ ದಿನದಿನಕ್ಕೆ ಏರಿದ್ದು ಅದರಿಂದಲೇ ಇರಬೇಕು ಅಂದ ಅವನು. ಈ ಸಲ ಹೊಸ ಡಬ್ಬ ತಂದೆ. ಅದು ಬರುವವರೆಗೆ ಆಟವಿಲ್ಲದೆ ಇದ್ದೆ, ಆಡಬೇಕು ಅಂತಲೂ ಅನ್ನಿಸಲಿಲ್ಲ.

ಯಂತ್ರ ಈಗ ಚೆನ್ನಾಗಿ ಓಡುತ್ತದೆ. ಗುಂಡಿಯ ಮಣ್ಣು ಒಣಗಬಾರದು ಎಂದು ಅವ್ವ ದಿನಾ ಅಕ್ಕಿ ತೊಳೆದ ನೀರನ್ನು ಅಲ್ಲಿಗೇ ಸುರಿಯುತ್ತಾಳೆ. ಆದರೆ ನನ್ನ ಹೆದರಿಕೆ ಬೇಗ ಹೋಗಲಿಲ್ಲ. ಬಹಳ ದಿನ, ಅವ್ವ ಬಕೆಟ್ಟು ಎತ್ತಿಕೊಂಡರೆ ನಾನು ಮುಂದೆ ಓಡಿಹೋಗಿ ಕಂಬಕ್ಕೆ ಟೆಸ್ಟರ್ ಹಿಡಿಯುತ್ತಿದ್ದೆ. ದೀಪ ಹೊತ್ತದಿದ್ದರೂ ಇನ್ನೊಂದು ಸಲ ಹಿಡಿಯುತ್ತಿದ್ದೆ. ಚಪ್ಪಲಿ ಹಾಕಿಕೊಂಡು ಕರೆ ಎಂದು ಬೇಡಿಕೊಂಡೆ. “ನಿಮ್ಮಜ್ಜಿ ಮೇಲಿಂದ ನೋಡ್ತಾ ಇರ್ತದೆ, ಸುಮ್ಕಿರು,” ಅನ್ನುತ್ತಿದ್ದಳು.

ಆಮೇಲೆ ಒಂದು ದಿನ ಅವ್ವ ಕೆ.ಆರ್. ಪೇಟೆಗೆ, ಸೋದರತ್ತೆಯ ಮನೆಗೆ ಹೋಗಿದ್ದವಳು, ಬರುವಾಗ ಒಂದು ಜೊತೆ ಹೊಸ ರಬ್ಬರ್ ಚಪ್ಪಲಿ ತಂದಳು. ಅದನ್ನು ಬೀದಿಗೆ ಹಾಕಲಿಲ್ಲ, ಮನೆಯೊಳಗೂ ಹಾಕಲಿಲ್ಲ. ಬಚ್ಚಲಿನಲ್ಲಿ ಸೀಗೆಪುಡಿ ಹಾಕಿ ತೊಳೆದು, ಕೊಟ್ಟಿಗೆಯ ಒಳಗಿನ ಗೂಡಿನಲ್ಲಿ ಇಟ್ಟಳು. ಸಂಜೆ ಹಸುವಿನ ಮುಂದೆ ನಿಂತು, ಅದರ ಗೊರಸು ಮುಟ್ಟಿ ಕಣ್ಣಿಗೊತ್ತಿಕೊಂಡಳು. “ಏನೂ ಅನ್ಕೋಬ್ಯಾಡ ಕಣವ್ವ,” ಅಂದಳು. ಚಪ್ಪಲಿ ಮೆಟ್ಟಿಕೊಂಡು, ಬಕೆಟ್ಟನ್ನು ಮಂಡಿಗಳ ನಡುವೆ ಇಟ್ಟುಕೊಂಡು ಹಾಲು ಕರೆಯಲು ಕೂತಳು.